ಮೇಷ್ಟ್ರು ಹೇಳಿದ ಏಳು ಪದಗಳು

ಬೆರಳುದ್ದದ ಗಾಜಿನ ಲೋಟದಲ್ಲಿ ನೀರಿನಂತೆ ತಿಳಿಯಾದ ಎಣ್ಣೆ. ಕೆಂಪಲಿಂಗಯ್ಯ ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ನೋಡಿ, ಮುಖ ಕಿವುಚಿ ಒಂದೇ ಗುಟುಕಿಗೆ ಕುಡಿಯುತ್ತಿದ್ದರು.

ಮರೆವು ಶುರುವಾದ ಹಿರಿಯರಿಗೆ ಆ ಎಣ್ಣೆಯಿಂದ ಉಪಯೋಗವಾದೀತೇ ಎಂದು ನಮ್ಮ ಆಸ್ಪತ್ರೆಯಲ್ಲಿ ಪರೀಕ್ಷಿಸುತ್ತಿದ್ದರು. ಮಿದುಳಿಗೆ ಸಕ್ಕರೆಯ ಬದಲು ಕೊಬ್ಬಿನಿಂದ ಶಕ್ತಿ ಸಿಗಲೆಂದು ಅನ್ನ, ಬೆಲ್ಲ ಬಿಡಬೇಕಿತ್ತು. ತಿಂಗಳಿಗೊಮ್ಮೆ ಹತ್ತು ಪದ ಓದಿ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಎಷ್ಟು ನೆನಪಿವೆ ಎಂದು ಕೇಳುವುದು ನನ್ನ ಕೆಲಸ. ಸಂಜೆ ಶಾಲೆಯಲ್ಲಿ ಓದಿದ ನನಗೆ ಅದು ಸಿಕ್ಕಿದ್ದೇ ಹೆಚ್ಚು. ಆ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರೇ ಈ ಮೇಷ್ಟ್ರು.

ಮೊದಲ ತಿಂಗಳು ಅವರು ಹೇಳಿದ್ದು ಮೂರು ಪದ. ಮೂರನೆಯ ತಿಂಗಳು ಏಳು!

"ನೋಡಿದ್ಯಾ, ಎಣ್ಣೆ ಕೆಲಸ ಮಾಡ್ತಿದೆ," ಎಂದು ಅವರ ಹೆಂಡತಿ ದಾಕ್ಷಾಯಿಣಮ್ಮ ನನ್ನ ಕೈ ಹಿಡಿದುಕೊಂಡರು.

"ಒಂದು ತುತ್ತು ಅನ್ನ ಹಾಕೇ ಮಾರಾಯ್ತಿ," ಎಂದರು ಮೇಷ್ಟ್ರು.

"ಅನ್ನ ಬೇಕೋ, ನನ್ನ ಹೆಸರು ನೆನಪಿರಬೇಕೋ?"

"ಸಾರು ಯಾವುದು, ಅದು ಹೇಳು ಮೊದಲು."

ಮೂವರೂ ನಕ್ಕೆವು.

ನಾಲ್ಕನೆಯ ತಿಂಗಳು ನನಗೆ ಜ್ವರ. ಬೇರೊಬ್ಬರು ಕೇಳಿದಾಗ ಮೇಷ್ಟ್ರು ಎರಡೇ ಪದ ಹೇಳಿದ್ದರು. ಮುಂದಿನ ಸಲ ನಾನೇ ಎದುರು ಕೂತೆ. ತಡವರಿಸಿದಾಗಲೆಲ್ಲ ಅವರ ಕಣ್ಣು ನನ್ನ ತುಟಿಯ ಮೇಲಿತ್ತು. ನನ್ನ ತುಟಿ ಸದ್ದಿಲ್ಲದೆ ಪದದ ಮೊದಲ ಅಕ್ಷರವನ್ನು ಆಡುತ್ತಿತ್ತು. ಪಾಠ ಒಪ್ಪಿಸುವಾಗ ನಾವು ತಡವರಿಸಿದರೆ ಮೇಷ್ಟ್ರು ಹಾಗೆಯೇ ನಮ್ಮನ್ನು ದಾಟಿಸುತ್ತಿದ್ದರು. ಬೇಕೆಂದು ಮಾಡಲಿಲ್ಲ ಎಂದು ಇಂದಿಗೂ ನಾನು ಆಣೆಯಿಟ್ಟು ಹೇಳಲಾರೆ.

ಅಂದೇ ಡಾಕ್ಟರಿಗೆ ತಿಳಿಸಿದೆ. ನಾನು ಬರೆದ ಅಂಕಗಳನ್ನೆಲ್ಲ ಅವರು ಹೊಡೆದುಹಾಕಿದರು. ಅಷ್ಟಕ್ಕೇ ಮುಗಿಸಿಕೊಳ್ಳಬಹುದಿತ್ತು, ಆಗಲಿಲ್ಲ. ಮರುದಿನ ಮಧ್ಯಾಹ್ನ ಮೇಷ್ಟ್ರ ಮನೆಗೆ ಹೋದೆ. ತೊಳೆದ ಪುಟ್ಟ ಲೋಟ ಕಿಟಕಿಯಲ್ಲಿ ಕವುಚಿಟ್ಟಿತ್ತು. ದಾಕ್ಷಾಯಿಣಮ್ಮನಿಗೆ ಎಲ್ಲ ಹೇಳಿದೆ.

"ನೀನು ಏಳು ಪದ ಅಂದೆ ಅಂತ, ಅವರು ಅನ್ನ ಕೇಳಿದಾಗಲೆಲ್ಲ ಇಲ್ಲ ಅಂದೆನಲ್ಲಮ್ಮ," ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು. ಎದ್ದು ಒಳಗೆ ಹೋಗಿ ಅನ್ನಕ್ಕಿಟ್ಟರು.

ತಟ್ಟೆಯಲ್ಲಿ ಬಿಸಿ ಅನ್ನ ಕಂಡು ಮೇಷ್ಟ್ರು ಹೆಂಡತಿಯನ್ನು ನೋಡಿದರು. "ಇವತ್ತೇನು, ಹಬ್ಬವಾ?"

"ಹೂಂ," ಎಂದು ಆಕೆ ಸಾರು ಬಡಿಸಿದರು.

ನಾಲ್ಕು ತುತ್ತು ತಿಂದ ಮೇಲೆ ಮೇಷ್ಟ್ರು ನನ್ನತ್ತ ತಿರುಗಿದರು. "ಈ ಮಗು ಯಾರು? ಅದಕ್ಕೂ ತಟ್ಟೆ ಹಾಕು."

ದಾಕ್ಷಾಯಿಣಮ್ಮ ನನಗೂ ಬಡಿಸಿದರು. ಅನ್ನದ ಹಬೆ ಆರುವವರೆಗೂ ನಾನು ಕೈ ಇಡಲಿಲ್ಲ. ಪಕ್ಕದಲ್ಲಿ ಮೇಷ್ಟ್ರು ಆತುರವಿಲ್ಲದೆ, ಒಂದಗುಳೂ ಚೆಲ್ಲದಂತೆ ಕಲಸುತ್ತಿದ್ದರು.