ಮೂಗಿನ ಮೇಲಿನ ಮೊಹರು

"ಎತ್ತೋ ಕುಂಡೆನ, ಮುದಿಯಾ. ಅದ್ರ ಅಡೀಲಿ ಏನ್ ಬಚ್ಚಿಟ್ಟಿದ್ದೀಯ ತೋರ್ಸು."

ತಡೆಗಂಬದ ಕಾವಲಿನವನಾದ ಗ್ರೀಷ್ಕ ಹಿಮದಲ್ಲಿ ನಿಂತ ನಮ್ಮ ಜಾರುಬಂಡಿಯನ್ನು ಬೂಟುಗಾಲಿನಿಂದ ಒದ್ದ. ಪ್ರೊಕೋಪಿ ಮಾವ ಎದ್ದು ನಿಂತ. ಅವನು ಕೂತಿದ್ದದ್ದು ಹಿಮಸಾರಂಗದ ಚರ್ಮದ ಮೇಲೆ. ಚರ್ಮದ ಕೆಳಗೆ ಬರ್ಚ್ ಮರದ ತೊಗಟೆ, ಬೇಸಿಗೆಯಲ್ಲಿ ಸುಲಿದು ಸುರುಳಿ ಸುತ್ತಿಟ್ಟದ್ದು. ಕರಡಿ ಹಬ್ಬದ ನಾಲ್ಕು ಮುಖವಾಡಕ್ಕೆ ನಾಲ್ಕು ಹಾಳೆ.

"ತೊಗಟೆ ಸುಲಿಯೋದು ಅಪರಾಧ. ಇದು ರಕ್ಷಿತ ಉದ್ಯಾನ. ಬೋರ್ಡ್ ಓದಕ್ ಬರಲ್ವಾ ಬೋಳಿಮಗ್ನೆ?"

ಬೋರ್ಡು ನೆಡುವ ಮುಂಚೆ ಸುಲಿದದ್ದು ಎಂದೆ ನಾನು.

"ನಿನ್ನ ಕೇಳಿದ್ನೇನ್ಲಾ ಕಾಲೇಜೂ?"

ಕಾಲೇಜು ನನ್ನ ಅಡ್ಡಹೆಸರು. ಪೇಟೆಯಲ್ಲಿ ಮೂರು ವರ್ಷ ಓದಿದೆ. ಕಲಿತದ್ದರಲ್ಲಿ ನಿಂತದ್ದು ಒಂದೇ ವಿದ್ಯೆ, ಮೇಷ್ಟ್ರುಗಳ ದನಿಯನ್ನು ಹಾಗೇ ಅಣಕಿಸುವುದು. ಡಿಗ್ರಿ ಅವರ ಹತ್ತಿರ ಉಳಿಯಿತು, ದನಿ ನನ್ನ ಹತ್ತಿರ.

ಗ್ರೀಷ್ಕ ತೊಗಟೆಯನ್ನು ಮುರಿದು ತನ್ನ ಡಬ್ಬಿ ಒಲೆಗೆ ತುರುಕಿದ. ಬರ್ಚ್ ತೊಗಟೆ ಎಣ್ಣೆ ಕುಡಿದಂತೆ ಉರಿಯುತ್ತದೆ. ಅವನು ಕೈ ಕಾಯಿಸಿಕೊಳ್ಳುತ್ತಿದ್ದಾಗ ಕಾಡಿನ ಒಳಗಿನಿಂದ ಮೂರು ಲಾರಿ ಬಂದವು. ಮೂರರ ತುಂಬ ಪೈನ್ ದಿಮ್ಮಿ. ಕಚ್ಚಾ ಎಣ್ಣೆಯ ಪೈಪಿಗೆ ದಾರಿ ಬಿಡಿಸಲು ಕಡಿದ ಮರ. ಗ್ರೀಷ್ಕ ಓಡಿಹೋಗಿ ಕಂಬ ಎತ್ತಿ ಸಲಾಮು ಹೊಡೆದ. ಯಾರಿಗೂ ಕುಂಡೆ ಎತ್ತು ಅನ್ನಲಿಲ್ಲ.

ಮಾವ ಮತ್ತೆ ಜಾರುಬಂಡಿಯಲ್ಲಿ ಕೂತ. ಅವನು ಮಾತಾಡುವುದು ಹೆಪ್ಪುಗಟ್ಟಿದ ಕೆರೆ ಕರಗಿದಷ್ಟೇ ಅಪರೂಪ.

ಆ ಕೆರೆಯೇ ಜಗಳದ ಬೇರು. ಅದರ ಹೆಸರು ಸೊರ್ತ್‌ಲೋರ್. ಮಾವನ ತಾತ ಬಲೆ ಬೀಸಿದ್ದು ಅಲ್ಲೇ, ಮಾವನ ಗುಡಿಸಲು ಇರುವುದೂ ಅದರ ದಂಡೆಯಲ್ಲೇ. ಮಾರನೇ ದಿನ ಉದ್ಯಾನದ ಕಚೇರಿಗೆ ಬರಹೇಳಿದ್ದರು. ನಿರ್ದೇಶಕ ವಾದಿಮ್ ಅರ್ಕಾದಿಯೆವಿಚ್‌ಗೆ ಎರಡು ಚಾಳಿ. ಮಾತಿಗೆ ಮುಂಚೆ ಪೆನ್ನಿನಿಂದ ಮುಂದಿನ ಹಲ್ಲು ತಟ್ಟುತ್ತಾನೆ. ಆಮೇಲೆ "ನನ್ನ ಪ್ರೀತಿಯ ಜನವೇ" ಅನ್ನುತ್ತಾನೆ, ಎದುರಿಗೆ ಇಬ್ಬರೇ ಇದ್ದರೂ.

ಮೇಜಿನ ಮೇಲೆ ಪ್ಲಾಸ್ಟಿಕ್ ಹೊದಿಸಿದ ನಕ್ಷೆ ಹರಡಿದ. ನಮ್ಮ ಕಾಡಿಗೆ ಬಣ್ಣ ಬಳಿದಿದ್ದರು. ಹಳದಿ ಬಂದುಹೋಗುವವರಿಗೆ, ನೀಲಿ ಮೀನು ನೋಡುವವರಿಗೆ. ಹಿಡಿಯುವವರಿಗೆ ಬಣ್ಣವೇ ಇರಲಿಲ್ಲ. ಸೊರ್ತ್‌ಲೋರ್ ಹಸಿರು.

"ಹಸಿರು ಅಂದರೆ ವಿಶ್ರಾಂತಿ ವಲಯ. ಕೆರೆಗೆ ವಿಶ್ರಾಂತಿ ಬೇಕು, ಅಜ್ಜ."

"ಕೆರೆಗ್ಯಾವಾಗ ಸುಸ್ತಾಗಿತ್ತು?" ಅಂದ ಮಾವ.

ನಿರ್ದೇಶಕ ನಕ್ಕು ಅವನ ತಲೆ ಸವರಿದ, ನಾಯಿಯ ತಲೆ ಸವರುವಂತೆ. ಮಾವನ ಬೆರಳು ಹಸಿರಿನ ನಡುವೆ ಹಾದ ಒಂದು ಸಣ್ಣ ಕೆಂಪು ಗೆರೆಯ ಮೇಲೆ ನಿಂತಿತ್ತು. ಅದೇನು ಎಂದು ಕೇಳಿದೆ. ಅದು ತಾಂತ್ರಿಕ ವಿಷಯ, ನಿಮಗೆ ಬೇಡ ಎಂದ. ಪೈಪೇ ಎಂದೆ. ಕೆರೆಗೆ ಯಾವ ಪೈಪೂ ಬರುವುದಿಲ್ಲ, ಇದು ನನ್ನ ಮಾತು ಎಂದು ಮತ್ತೆ ಹಲ್ಲು ತಟ್ಟಿದ.

ಮಾವ ಮಾಡಬೇಕಾದದ್ದು ಇಷ್ಟೇ: ಸ್ವಂತ ಇಚ್ಛೆಯಿಂದ ಕೆರೆ ಬಿಟ್ಟುಕೊಡುತ್ತೇನೆ, ಮಂಜುಗಡ್ಡೆ ಒಡೆಯುವ ಮುಂಚೆ ಗುಡಿಸಲು ಖಾಲಿ ಮಾಡುತ್ತೇನೆ ಎಂಬ ಕಾಗದಕ್ಕೆ ರುಜು. ಹಾಕದಿದ್ದರೆ ಕರಡಿ ಕೊಂದ ಕೇಸು. ಆ ಕರಡಿ ಎಣ್ಣೆ ಕಂಪನಿಯವರ ಸಿಡಿಮದ್ದಿಗೆ ಗವಿಯಲ್ಲಿ ನಿದ್ದೆಗೆಟ್ಟು, ನಡುಚಳಿಗಾಲದಲ್ಲಿ ಹುಚ್ಚಾಗಿ ಅಲೆದು ಮಾವನ ಬಾಗಿಲು ಮುರಿದಿತ್ತು; ಮಾವ ಅದನ್ನು ಹೊಡೆದದ್ದು ಆಗ. ಅದಕ್ಕೆ ಯಾರೂ ವಿಶ್ರಾಂತಿ ವಲಯ ಬರೆದುಕೊಟ್ಟಿರಲಿಲ್ಲ.

"ರುಜು ಇಲ್ಲಿ ಬೇಡ, ಹಬ್ಬದಲ್ಲಿ ಹಾಕಿ. ರಾಜಧಾನಿಯಿಂದ ಅತಿಥಿಗಳು ಬರುತ್ತಾರೆ. ಫೋಟೋ ಚೆನ್ನಾಗಿರುತ್ತದೆ." ಏಳುವಾಗ ನಕ್ಷೆಯನ್ನು ಮಾವನ ಕಂಕುಳಿಗೆ ಸಿಕ್ಕಿಸಿದ. ಗೋಡೆಗೆ ಹೊಡಿ, ಎಲ್ಲೆಲ್ಲಿ ಕಾಲಿಡಬಾರದು ಅಂತ ಗೊತ್ತಾಗುತ್ತದೆ ಎಂದ.

ಮನೆಗೆ ಬಂದು ಮಾವ ಅದನ್ನು ನೆಲಕ್ಕೆ ಹಾಸಿ ತುಂಬಾ ಹೊತ್ತು ನೋಡಿದ. ಆಮೇಲೆ ಚಾಕು ತಂದ.

"ತೊಗ್ಟೆ ಸುಟ್ಬುಟ್ರಲ್ಲಾ," ಅಂದ. "ಇದ್ರಲ್ಲೇ ಹೊಲಿ."

ಐದು ದಿನದ ಹಬ್ಬ ನಡೆಯುವುದು ರಾತ್ರಿ. ಆದರೆ ಅತಿಥಿಗಳ ಹೆಲಿಕಾಪ್ಟರ್ ಕತ್ತಲೆಯಲ್ಲಿ ಹಾರುವುದಿಲ್ಲವೆಂದು ಮೂರನೇ ದಿನದ್ದನ್ನು ಮಟಮಟ ಮಧ್ಯಾಹ್ನಕ್ಕೆ ಎಳೆದರು. ದೇವರ ಹೊತ್ತನ್ನೂ ಅರ್ಜಿ ಹಾಕಿ ಬದಲಾಯಿಸಬಹುದು ಎಂದು ನಮಗೆ ಅವತ್ತೇ ಗೊತ್ತಾದದ್ದು. ಮಾವನ ಗುಡಿಸಲಿನ ಮೂಲೆಯ ಮಣೆಯ ಮೇಲೆ ಹಿರಿಯ ಮಲಗಿದ್ದ, ಪಂಜಗಳ ಮೇಲೆ ತಲೆಯಿಟ್ಟು, ಕಣ್ಣಿಗೆ ನಾಣ್ಯ ಇಟ್ಟುಕೊಂಡು. ಮಾವ ಹೊಡೆದ ಕರಡಿಯೇ ಅವನು; ಹಬ್ಬದಲ್ಲಿ ಕರಡಿಯನ್ನು ಕರಡಿ ಎನ್ನಬಾರದು, ಹಿರಿಯ ಎನ್ನಬೇಕು. ಅವನ ಮುಂದೆ ಮೀನು, ರೊಟ್ಟಿ, ಚಹಾ. ಹೆಂಗಸರು ಅವನ ಮರ್ಯಾದೆಗೆ ಮುಸುಕು ಎಳೆದುಕೊಂಡಿದ್ದರು. ಅತಿಥಿಯೊಬ್ಬಳು ಅವನ ಕಿವಿ ಹಿಡಿದು ಫೋಟೋ ತೆಗೆಸಿಕೊಂಡಳು.

ಮುಖವಾಡ ಹಾಕಿದವನ ಮಾತಿಗೆ ಯಾರೂ ಸಿಟ್ಟಾಗುವಂತಿಲ್ಲ. ಅದು ಹಿರಿಯನನ್ನು ನಗಿಸಲು ಆಡುವ ಮಾತು. ನಕ್ಷೆಯಿಂದ ಹೊಲಿಯಲಾದ ಒಂದೇ ಮುಖವಾಡ ಹಾಕಿಕೊಂಡು ನಾನು ಒಳಗೆ ಬಂದೆ. ಮೊಳದುದ್ದದ ಮೂಗು. ಮರದ ಕಡ್ಡಿಯಿಂದ ಹಲ್ಲು ತಟ್ಟಿದೆ.

"ನನ್ನ ಪ್ರೀತಿಯ ಜನವೇ."

ಮುಸುಕಿನೊಳಗೆ ಹೆಂಗಸರು ಕಿಸಕ್ಕೆಂದರು. ಒಲೆಯನ್ನು ಹಳದಿ ವಲಯ ಮಾಡಿದೆ: ನೋಡಿ ಹೋಗಬಹುದು, ಬೇಯಿಸುವಂತಿಲ್ಲ. ಮುದುಕಿಯೊಬ್ಬಳ ಮಡಿಲಿನಿಂದ ಮೊಮ್ಮಗಳನ್ನು ಎಬ್ಬಿಸಿದೆ: ಮಡಿಲಿಗೆ ವಿಶ್ರಾಂತಿ ಬೇಕು. ಕೊನೆಗೆ ಹಿರಿಯನ ಮುಂದೆ ಬಗ್ಗಿ, ಇಲ್ಲಿ ಮಲಗಲು ಪರವಾನಗಿ ಇದೆಯೇ, ಎತ್ತು ಕುಂಡೆ ಎಂದೆ.

ಅತಿಥಿಗಳು ಹೊಟ್ಟೆ ಹಿಡಿದುಕೊಂಡರು. ನಿರ್ದೇಶಕನೂ ನಕ್ಕ. ನಗುತ್ತಲೇ ಮೂಗಿನ ತುದಿ ನೋಡಿದ. ಅಲ್ಲಿ ದುಂಡನೆಯ ನೀಲಿ ಮೊಹರು, ಕೆಳಗೆ ಅವನದೇ ರುಜು. ಎಡಗೆನ್ನೆ ಹಸಿರು. ಹಸಿರಿನ ನಡುವೆ ಕೆಂಪು ಗೆರೆ.

"ತೆಗಿ ಅದನ್ನ," ಅಂದ. ನಾನು ಅವನದೇ ದನಿಯಲ್ಲಿ, ತಾಂತ್ರಿಕ ವಿಷಯ, ನಿಮಗೆ ಬೇಡ ಎಂದೆ.

ಅವನು ನನ್ನ ಕಡೆ ನುಗ್ಗಿದ. ಮಾವ ನಡುವೆ ಬಂದ. ರುಜುವಿಗೆಂದು ಕೊಟ್ಟ ಕಾಗದ ಮಾವನ ಕೈಯಲ್ಲೇ ಇತ್ತು. ಅದನ್ನು ಹಿರಿಯನ ಪಂಜದ ಅಡಿ ನೂಕಿದ.

"ನಾ ಬರೆಯಾಕಿಲ್ಲ. ನೀನೇ ಹಿರೀಕನ ಮೂಗಿಗೆ ಬಾಯಿಟ್ಟು ಒಂದ್ ಮಾತು ಹೇಳ್ಬುಡು, ಕೆರೆಗೆ ಪೈಪ್ ಬರಾಕಿಲ್ಲ ಅಂತ. ಇವತ್ತೇ ಗಂಟುಮೂಟೆ ಕಟ್ತೀನಿ."

ಆ ಮೂಗಿಗೆ ಬಾಯಿಟ್ಟು ಸುಳ್ಳಾಡಿದವನನ್ನು ಹಿರಿಯ ಕಾಡಿನಲ್ಲಿ ಹುಡುಕಿಕೊಂಡು ಬರುತ್ತಾನೆ. ಇದನ್ನು ನಾನೇ ಅತಿಥಿಗಳಿಗೆ ಹೇಳಿದೆ, ಈ ಸಲ ನನ್ನ ಸ್ವಂತ ದನಿಯಲ್ಲಿ. ಅವರಿಗೆ ಖುಷಿಯೋ ಖುಷಿ. ಮಾಡಿ ವಾದಿಮ್ ಅರ್ಕಾದಿಯೆವಿಚ್, ಮಾಡಿ ಎಂದು ಕ್ಯಾಮೆರಾ ಎತ್ತಿದರು.

ಇದೆಲ್ಲ ಮೂಢನಂಬಿಕೆ ಎಂದ ಅವನು. ಎರಡು ಹೆಜ್ಜೆ ಮುಂದೆ ಬಂದ. ಕಾಗದಕ್ಕೆ ಚಾಚಿದ ಕೈ ಪಂಜದಿಂದ ಒಂದು ಗೇಣು ದೂರದಲ್ಲಿ ನಿಂತಿತು.

"ಗ್ರೀಷ್ಕಾ, ಆ ಕಾಗದ ತಗೊಂಡು ಬಾ."

ಬಾಗಿಲಲ್ಲಿದ್ದ ಗ್ರೀಷ್ಕ ಪಂಜ ನೋಡಿದ, ಉಗುರು ನೋಡಿದ. ಬೋರ್ಡು ಬರುವ ಮುಂಚಿನಿಂದಲೂ, ಐದು ಚಳಿಗಾಲ ಒಂಟಿಯಾಗಿ ಈ ಕಾಡಿನ ಗೇಟು ಕಾದವನು ಅವನು. ಎರಡೂ ಕೈಯನ್ನು ಕೋಟಿನ ಜೇಬಿಗೆ ಇಳಿಸಿದ.

"ನನ್ ಕೈಲಾಗಲ್ಲ ಸಾರ್. ನಿಮ್ ಕಾಗ್ದ, ನೀವೇ ತಗೊಳಿ."

ಹೊತ್ತಾಯಿತೆಂದು ಹೆಲಿಕಾಪ್ಟರ್ ಹೊರಗೆ ಗುಡುಗತೊಡಗಿತು. ನಿರ್ದೇಶಕ ಹೋಗುತ್ತ ನನ್ನ ಮುಖವಾಡಕ್ಕೆ ಬೆರಳು ತೋರಿಸಿ, ಕೇಸು ಒಂದಲ್ಲ, ಎರಡು ಎಂದ. ಗುಡಿಸಲಿಗೆ ಬುಲ್ಡೋಜರ್ ಕಳಿಸುತ್ತೇನೆ, ಹೊಸ ನಕ್ಷೆ ತಂದು ನಿಮ್ಮ ಹಣೆಗೆ ಮೊಳೆ ಹೊಡೆಯುತ್ತೇನೆ ಎಂದ. ಮಾಡುತ್ತಾನೆ, ಗೊತ್ತು.

ಕಾಗದ ಪಂಜದ ಅಡಿಯಲ್ಲೇ ಇದೆ, ಮೀನಿನ ಜಿಡ್ಡು ಹೀರುತ್ತ. ಹಬ್ಬ ಮುಗಿಯಲು ಇನ್ನೂ ಎರಡು ದಿನ ಬಾಕಿ. ಮಾವ ಬಾಗಿಲಲ್ಲಿ ಕೂತು ಚಾಕು ಮಸೆಯುತ್ತಿದ್ದಾನೆ.

ಹೊಸ ನಕ್ಷೆ ಬರಲಿ. ನಮಗೆ ಇನ್ನೂ ಮೂರು ಮುಖವಾಡ ಕಮ್ಮಿಯಿದೆ.