ಹೆಸ್ಟರ್ ಮರೆತ ಮಾತುಗಳು

ಡೆಂಜಿಲ್ ಟ್ರೆವಿನ್ ಲಂಡನ್ನಿನ ಸ್ಟುಡಿಯೋಗಳಲ್ಲಿ ಬೇರೆಯವರ ಚಿತ್ರಗಳಿಗೆ ಮಾತು ಬರೆಯುತ್ತಲೇ ನಡುವಯಸ್ಸು ಮುಟ್ಟಿದ್ದ. ಎರಡನೇ ಮಹಾಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ, ತಾನೇ ಬರೆದು ತಾನೇ ನಿರ್ದೇಶಿಸುವ ಅವಕಾಶ ಮೊದಲ ಬಾರಿಗೆ ಸಿಕ್ಕಿತು. ಮಗನನ್ನು ಸಮುದ್ರಕ್ಕೆ ಕಳಿಸಿಕೊಡುವ ತಾಯಿಯ ಕಥೆ. ಚಿತ್ರೀಕರಣ ಎಸೆಕ್ಸ್ ಕರಾವಳಿಯ ಜೌಗು ನೆಲದಲ್ಲಿ. ಅಲ್ಲಿ ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಹೇಳುವುದೇ ಕಷ್ಟ. ದೋಣಿಗಳು ಹುಲ್ಲಿನ ಮೇಲೆ ತೇಲಿದಂತೆ ಕಾಣುತ್ತಿದ್ದವು.

ತಾಯಿಯ ಪಾತ್ರಕ್ಕೆ ಅವನು ಹಟ ಹಿಡಿದು ಕರೆತಂದದ್ದು ಹೆಸ್ಟರ್ ವೇನ್ ಎಂಬ ಹಳೆಯ ರಂಗನಟಿಯನ್ನು. ಚಿಕ್ಕಂದಿನಲ್ಲಿ ಬ್ರಿಸ್ಟಲ್‌ನ ನಾಟಕಮಂದಿರದಲ್ಲಿ ಅವಳ ದನಿ ಕೇಳಿಯೇ ಅವನಿಗೆ ಬರೆಯುವ ಹುಚ್ಚು ಹಿಡಿದಿದ್ದು.

ಮೊದಲ ದಿನವೇ ಹೆಸ್ಟರ್ ಮಾತು ಮರೆತಳು. ಮರುದಿನವೂ ಅದೇ ಕಥೆ. ನಿರ್ಮಾಪಕ ಕ್ಲೆಗ್ ಡೆಂಜಿಲ್‌ನನ್ನು ಪಕ್ಕಕ್ಕೆ ಕರೆದ.

“ಏನಯ್ಯಾ ಇದು? ಆ ಮುದುಕಿಗೆ ತನ್ನ ಹೆಸರು ನೆನಪಿದ್ರೆ ಅದೇ ಹೆಚ್ಚು. ಬೇರೆಯವರನ್ನ ಹಾಕ್ಕೋ.”

“ಅವರು ಹೋದ್ರೆ ನಾನೂ ಹೋಗ್ತೀನಿ.”

“ಹೋಗು ಮಾರಾಯ, ಮತ್ತೆ ಕಂಡವರ ಸಿನಿಮಾಕ್ಕೆ ಡೈಲಾಗ್ ಬರೀತಾ ಕೂತ್ಕೋ!”

ಸಂಜೆ ಡೆಂಜಿಲ್ ಚಹಾ ಹಿಡಿದು ಬಂದಾಗ ಹೆಸ್ಟರ್ ಮಗುಚಿಟ್ಟ ದೋಣಿಯೊಂದರ ಮೇಲೆ ಕುಳಿತಿದ್ದಳು.

“ನಾಟಕದಲ್ಲಾದ್ರೆ ಪರದೆ ಹಿಂದಿನಿಂದ ಯಾರಾದ್ರೂ ಪಿಸುಗುಟ್ಟೋರು, ಮರಿ. ಇಲ್ಲಿ ನಿನ್ನ ಆ ಕ್ಯಾಮೆರಾ ಡಬ್ಬ ಸುಮ್ನೆ ನನ್ನೇ ನೋಡುತ್ತೆ. ನೀನು ಬರೆದಿದ್ದು ಚೆನ್ನಾಗೇ ಇದೆ ಕಣೋ. ಬಾಯಿಗೆ ಬರೋ ಹೊತ್ತಿಗೆ ಎಲ್ಲಾ ಹಾರಿಹೋಗುತ್ತೆ.”

“ಹಾಗಾದ್ರೆ ಏನೂ ಹೇಳ್ಬೇಡಿ,” ಎಂದುಬಿಟ್ಟ ಡೆಂಜಿಲ್. ತಾಯಿ ಮಗನನ್ನು ಬೀಳ್ಕೊಡುವ ಆ ಮಾತುಗಳಿಗಿಂತ ಚೆನ್ನಾಗಿ ಅವನು ಈವರೆಗೆ ಏನನ್ನೂ ಬರೆದಿರಲಿಲ್ಲ.

ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಮಗನ ದೋಣಿ ನಾಲ್ಕು ಹುಟ್ಟು ಹಾಕುವಷ್ಟರಲ್ಲಿ ಕರಗಿಹೋಯಿತು. ಹೆಸ್ಟರ್ ನೀರಿನಂಚಿನಲ್ಲಿ ನಿಂತಳು. ಆಮೇಲೆ ಕೈ ಎತ್ತಿ, ಎದುರಿಗೆ ಯಾರೂ ಇಲ್ಲದಿದ್ದರೂ, ಗಾಳಿಯಲ್ಲೇ ಮಗನ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಒಂದೊಂದಾಗಿ ಹಾಕಿದಳು. ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಡೆಂಜಿಲ್ ನಿಲ್ಲಿಸಿ ಎನ್ನಲಿಲ್ಲ. ಕ್ಯಾಮೆರಾದಲ್ಲಿ ಫಿಲ್ಮ್ ಮುಗಿಯುವವರೆಗೂ ಅದು ಓಡಿತು.

“ತಾಯಿ ಮೂಗಿ ಅಂದ್ಕೋತಾರೆ ಜನ,” ಎಂದು ಕ್ಲೆಗ್ ಗೊಣಗಿದ. ಜನ ಹಾಗೆ ಅಂದುಕೊಳ್ಳಲಿಲ್ಲ. ಚಿತ್ರ ಊರೂರು ಸುತ್ತಿತು; ಡೆಂಜಿಲ್‌ಗೆ ಇನ್ನೊಂದು ಚಿತ್ರ, ಅದರ ಬೆನ್ನಿಗೆ ಮತ್ತೊಂದು ಸಿಕ್ಕಿತು.

ಮುಂದಿನ ವಸಂತದಲ್ಲಿ ಅವನು ಹೆಸ್ಟರ್‌ಳನ್ನು ಸೌತೆಂಡ್‌ನ ಚಿತ್ರಮಂದಿರಕ್ಕೆ, ಅದೇ ಚಿತ್ರದ ಮಧ್ಯಾಹ್ನದ ಆಟಕ್ಕೆ ಕರೆದೊಯ್ದ. ಅಷ್ಟರಲ್ಲಿ ಅವಳಿಗೆ ಬಹಳಷ್ಟು ಮರೆತುಹೋಗಿತ್ತು. ತೆರೆಯ ಮೇಲೆ ಮಂಜು ಕವಿದಾಗ ಅವನ ತೋಳು ಜಗ್ಗಿದಳು.

“ಯಾರೋ ಆಕೆ?”

“ನನಗೆ ತುಂಬಾ ಬೇಕಾದವರು.”

“ಪಾಪ, ಬಾಯಿ ಬಿಟ್ರೆ ಅತ್ತುಬಿಡ್ತೀನಿ ಅಂತ ಸುಮ್ನಿದ್ದಾಳೆ.”

ದೀಪಗಳು ಹತ್ತಿದವು. ಜನ ಎದ್ದು ಟೋಪಿ ಹುಡುಕತೊಡಗಿದರು. ಹೆಸ್ಟರ್ ಮಾತ್ರ ಕೋಟು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು.

“ಇನ್ನೊಂದು ಸಲ ನೋಡೋಣ್ವಾ, ಮರಿ?”