ಸಾಯಬಣ್ಣನ ಹೆಗಲ ಮೇಲಿನ ಕೈ

ಒಂದೇ ಬೆರಳಿನಿಂದ ಭೀಮಬಾಯಿ ನೂರು ಜನರನ್ನು ಅಳಿಸಿ ಹಾಕಿದಳು, ಅದೂ ಕೂತಲ್ಲಿಂದ ಏಳದೆ. ಸರಿ, ಇದರಲ್ಲಿ ಅರ್ಧ ಸುಳ್ಳು. ಜನ ಹತ್ತೇ; ಬೆರಳು ಮಾತ್ರ ಒಂದೇ.

ಅವಳ ಗಂಡ ಸಾಯಬಣ್ಣ ತೀರಿಕೊಂಡು ಹತ್ತು ದಿನವಾಗಿತ್ತು. ನಾಳೆ ಊರಲ್ಲಿ ಕಾರ್ಯ. ಸಂಜೆಯ ಬಸ್ಸಿಗೆ ಹೊರಡಬೇಕು, ಹಾರ ಹಾಕಲು ಫೋಟೊ ಬೇಕು. ಇದ್ದದ್ದು ಎರಡು. ಆಧಾರ್ ಕಾರ್ಡಿನದರಲ್ಲಿ ಅವನು ಕೋಳಿ ಕದ್ದು ಸಿಕ್ಕಿಬಿದ್ದವನಂತೆ ಕಾಣುತ್ತಿದ್ದ. ಇನ್ನೊಂದು, ಇಂದಿರಾನಗರದಲ್ಲಿ ಸ್ಲ್ಯಾಬ್ ಹಾಕಿದ ದಿನ ಮೇಸ್ತ್ರಿ ತೆಗೆದದ್ದು. ಅದರಲ್ಲಿ ಅವನ ಸುತ್ತ ಹತ್ತು ಜನ; ಅವರನ್ನು ಅಳಿಸಬೇಕಿತ್ತು.

ಆ ಹತ್ತು ದಿನದಲ್ಲಿ ಮನೆಗೆ ಬಂದವರೆಲ್ಲ ಅತ್ತು ಹೋದರು. ಭೀಮಬಾಯಿ ಅವರಿಗೆಲ್ಲ ಚಹಾ ಕಾಸಿ ಕೊಟ್ಟಳು. ಅವಳಿಗೆ ಅಳು ಬರಲಿಲ್ಲ.

ಶಿವಾಜಿನಗರದ ಫೋಟೊ ಅಂಗಡಿಯ ಮುನಾವರ್ ಚಿತ್ರವನ್ನು ಕಂಪ್ಯೂಟರಿಗೆ ಹಾಕಿಕೊಂಡು, ತನ್ನ ಫೋನನ್ನು ಮೇಜಿನ ಮೇಲಿಟ್ಟ.

"ಮೌಸ್ ಬೆಳಿಗ್ಗೆನೇ ಕೆಟ್ಟೋಯ್ತು ಅಮ್ಮಾ. ಈಗ ಈ ಫೋನೇ ಮೌಸು."

ಫೋನಿನ ಗಾಜಿನ ಮೇಲೆ ಅವನ ಬೆರಳು ಹರಿದತ್ತ ಪರದೆಯಲ್ಲಿ ಬಾಣ ಹರಿಯಿತು. ಹರಿದು, ಸಾಯಬಣ್ಣನ ಅರ್ಧ ತಲೆಯನ್ನೇ ತಿಂದಿತು.

"ಅರೆ! ಇರಿ, ವಾಪಸ್ ತರ್ತೀನಿ. ರುಮಾಲೂ ಸಿಮೆಂಟ್ ಬಣ್ಣ, ಗೋಡೆನೂ ಸಿಮೆಂಟ್ ಬಣ್ಣ. ಅವ್ರು ಎಲ್ಲಿ ಮುಗೀತಾರೋ ನಂಗೊತ್ತಾಗ್ತಿಲ್ಲ. ನಿಮ್ಗೆ ಗೊತ್ತಿರತ್ತೆ, ನೀವೇ ಉಜ್ಜಿ. ನಾನಿಲ್ಲಿ ಬಟನ್ ಒತ್ಕೊಂಡಿರ್ತೀನಿ."

ಅವಳು ಬೆರಳಿಟ್ಟು ಎಳೆದಳು. ಬಾಣ ಅಲ್ಲಾಡಲಿಲ್ಲ.

"ನಿಮ್ ಬೆರಳು ಫೋನಿಗೆ ಗೊತ್ತೇ ಆಗ್ತಿಲ್ಲ ಅಮ್ಮಾ. ಸಿಮೆಂಟ್ ಕೆಲ್ಸಾನಾ?"

"ಬೆಂಗ್ಳೂರಾಗಿನ ಅರ್ಧ ಸಿಮೆಂಟ್ ನಾನೇ ಹೊತ್ತೀನಿ. ಸತ್ತಾಂವ ಅಂವ, ನಾ ಅಲ್ಲಂತ ಹೇಳ್ ನಿನ್ ಫೋನಿಗೆ."

ಮುನಾವರ್ ತುಟಿ ಕಚ್ಚಿಕೊಂಡ.

"ನಗು ತಮ್ಮಾ. ನನಗೇನೂ ಆಗಂಗಿಲ್ಲ."

ಅವನು ಒದ್ದೆ ಬಟ್ಟೆ ಕೊಟ್ಟ. ಬೆರಳು ಒದ್ದೆಯಾದ ಮೇಲೆ ಬಾಣ ಹೊರಟಿತು. ಗಾರೆಯವರು ಹೋದರು, ಕಬ್ಬಿಣ ಕಟ್ಟುವವರು ಹೋದರು. ನೆಲ ಒರೆಸಿದಷ್ಟೇ ಅನ್ನಿಸಿತು ಅವಳಿಗೆ. ಎಡಗಿವಿ ಮುಚ್ಚುವಂತೆ ರುಮಾಲು ಸುತ್ತುವುದು ಸಾಯಬಣ್ಣನ ರೂಢಿ. ಆ ಅಂಚಿನಲ್ಲಿ ಅವಳ ಬೆರಳು ತಪ್ಪಲಿಲ್ಲ. ಹಿಂದಿನ ಗೋಡೆಯೂ ಹೋಯಿತು.

"ಹೆಗಲ ಮೇಲೆ ಯಾರ್ದೋ ಕೈ ಉಳ್ಕೊಂಡಿದೆ ನೋಡಿ. ಹಸಿರು ಬಳೆ. ಅದನ್ನೂ ತೆಗ್ದುಬಿಡಿ."

ಅಂದು ಭೀಮಬಾಯಿ ಸಾಯಬಣ್ಣನ ಹಿಂದೆ ಇಟ್ಟಿಗೆ ರಾಶಿ ಹತ್ತಿ ನಿಂತಿದ್ದಳು. ಕಾಲು ಜಾರಿದಂತಾಗಿ ಅವನ ಹೆಗಲು ಹಿಡಿದಳು, ಅಷ್ಟರಲ್ಲಿ ಮೇಸ್ತ್ರಿ ಫೋಟೊ ತೆಗೆದುಬಿಟ್ಟ. ಮುಖ ರುಮಾಲಿನ ಹಿಂದೆ ಮರೆಯಾಗಿ, ಕೈ ಮಾತ್ರ ಬಂದಿತ್ತು. ಇಟ್ಟಿಗೆ ಬಿದ್ದು ಡೊಂಕಾದ ಕಿರುಬೆರಳೂ ಕಾಣುತ್ತಿತ್ತು. ಹತ್ತು ದಿನದ ಹಿಂದೆ ಆ ಬಳೆಗಳನ್ನು ಒಡೆಸಿದ್ದರು.

ಬಾಣವನ್ನು ಆ ಕೈಯ ಮೇಲೆ ತಂದು ನಿಲ್ಲಿಸಿದಳು. ಬೆರಳು ಗಾಜಿನ ಮೇಲೆಯೇ ಒಣಗಿತು. ಮುನಾವರ್ ಮತ್ತೆ ಒದ್ದೆ ಬಟ್ಟೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ಸಾಕ್ ಬಿಡು. ಹಂಗಾ ಚೌಕಟ್ಟ್ ಹಾಕಿ ಕೊಡು. ಬಸ್ಸಿಗೆ ಹೊತ್ತಾಯ್ತು."

"ನಾಳೆ ಜನ ಕೇಳಲ್ವಾ ಅಮ್ಮಾ, ಇದ್ಯಾರ್ ಕೈ ಅಂತ?"

ಭೀಮಬಾಯಿ ಫೋನಿನ ಮೇಲಿಂದ ಕೈ ತೆಗೆದಳು. ಡೊಂಕು ಕಿರುಬೆರಳು ಅವನ ಕಣ್ಣೆದುರೇ ಸೆರಗಿನೊಳಗೆ ಹೋಯಿತು.

"ಕೇಳೇ ಕೇಳ್ತಾರ. ನಾ ಏನ್ ಹೇಳ್ತೀನಿ, ನೀನೇ ಹೇಳ್ ನೋಡೋಣು."